ಮೊದಲ ಸಂಬಳದ ಮೊದಲ ಪಾಲು

ಪ್ರತಿ ವರ್ಷವೂ ಪರೀಕ್ಷೆಗಳ ಫಲಿತಾಂಶಗಳು ಹೊರಬಿದ್ದ ಕೆಲವು ತಿಂಗಳುಗಳಲ್ಲಿ ನಮ್ಮ ನಾಡಿನ ಸಹಸ್ರಾವಧಿ ತರುಣ ತರುಣಿಯರು ಮೊದಲ ಸಲ ಸಂಬಳದ ಮುಖವನ್ನು ಕಾಣುತ್ತಾರೆ. ಕೆಲವರು ಶಾಲೆಯ ಮಾಸ್ತರರಾಗಿ, ಕೆಲವರು ಕಚೇರಿಯ ಗುಮಾಸ್ತರಾಗಿ, ಕೆಲವರು ದೊಡ್ಡ ಪಟ್ಟಣಗಳ ಸಂಸ್ಥೆಗಳಲ್ಲಿ ನೌಕರರಾಗಿ ಜೀವನವನ್ನು ಆರಂಭಿಸುವರು. ಮೊದಲ ಸಂಬಳ ಬಂದ ದಿನ ದೇವರ ಮುಂದೆ ದೀಪ ಹಚ್ಚುವದು, ತಾಯಿಗೆ ಸೀರೆ ತರುವದು, ಗೆಳೆಯರಿಗೆ ಫಳಾರ ಮಾಡಿಸುವದು ನಮ್ಮಲ್ಲಿ ನಡೆದುಬಂದ ರೀತಿ. ಅದಕ್ಕೆ ನಾವು ಅಡ್ಡ ಮಾತನಾಡುವವರಲ್ಲ. ಆದರೆ ಎರಡನೆಯ ತಿಂಗಳಿನ ಸಂಬಳ, ಎರಡನೆಯ ವರ್ಷದ ಸಂಬಳ, ಹತ್ತನೆಯ ವರ್ಷದ ಸಂಬಳ ಎಲ್ಲಿ ಹೋಯಿತೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಹತ್ತು ವರ್ಷ ನಿಷ್ಠೆಯಿಂದ ದುಡಿದ ಮನುಷ್ಯನು ಮಗುವಿನ ಆಸ್ಪತ್ರೆಯ ವೆಚ್ಚಕ್ಕಾಗಿ ಕೈಗಡ ಕೇಳುತ್ತ ಮನೆಯಿಂದ ಮನೆಗೆ ಅಲೆಯುವ ಸಂಗತಿಯು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಅವನು ಕುಡುಕನಲ್ಲ, ಜೂಜುಗಾರನಲ್ಲ, ಸೋಮಾರಿಯೂ ಅಲ್ಲ. ಆರಂಭದಲ್ಲಿ ಹೇಳಬೇಕಾಗಿದ್ದ ಒಂದು ಮಾತನ್ನು ಅವನಿಗೆ ಯಾರೂ ಹೇಳಲಿಲ್ಲ, ಅಷ್ಟೇ. ಆ ಮಾತನ್ನು ಈ ವಾರ ನಾವು ನಮ್ಮ ತರುಣ ವಾಚಕರಿಗೂ, ಅವರಿಗೆ ಬುದ್ಧಿ ಹೇಳುವ ಸ್ಥಾನದಲ್ಲಿರುವ ಶಿಕ್ಷಕ ಬಂಧುಗಳಿಗೂ ಹೇಳಬಯಸುವೆವು.

ಸಂಬಳವು ಕೈಸೇರಿದ ಕೂಡಲೆ, ಯಾವದೇ ಖರ್ಚಿಗಿಂತ ಮುಂಚೆ, ಅದರ ಒಂದು ಪಾಲನ್ನು ಬದಿಗೆ ತೆಗೆದಿಡಬೇಕು. ತೆಗೆದಿಟ್ಟದ್ದನ್ನು ಬೆಳೆಯುವ ಸ್ಥಳದಲ್ಲಿ ಹೂಡಬೇಕು. ಇದನ್ನು ಮೊದಲನೆಯ ತಿಂಗಳಿನಿಂದಲೇ ಮಾಡಬೇಕು. ನಮ್ಮ ಜನರ ಸಾಮಾನ್ಯ ರೂಢಿಯು ಇದಕ್ಕೆ ತೀರ ತಿರುಗುಮುರುಗಾಗಿದೆ. ಮೊದಲು ಖರ್ಚು ಮಾಡಿ ತಿಂಗಳ ಕೊನೆಗೆ ಉಳಿದರೆ ಉಳಿಸೋಣವೆನ್ನುವರು. ತಿಂಗಳ ಕೊನೆಗೆ ಯಾರ ಮನೆಯಲ್ಲಿಯೂ ಏನೂ ಉಳಿಯುವದಿಲ್ಲ. ಸಂಬಳವು ಹೆಚ್ಚಿದ ಹಾಗೆ ಖರ್ಚೂ ಅದರ ಬೆನ್ನು ಹತ್ತಿ ಹೆಚ್ಚುತ್ತದೆ. ಒಕ್ಕಲಿಗನು ಬಿತ್ತನೆಯ ಬೀಜವನ್ನು ಊಟಕ್ಕೆ ಬಳಸಿ, ಮಿಕ್ಕಿದ್ದನ್ನು ಬಿತ್ತುವೆನೆಂದು ಎಂದಾದರೂ ಹೇಳುವನೇ? ರಾಶಿಯ ದಿನವೇ ಬೀಜದ ಕಾಳನ್ನು ಬೇರೆಯಾಗಿ ಕಟ್ಟಿಡುವನು. ಅಕ್ಷರ ಬಲ್ಲ ನಾವು ಅವನಿಂದ ಇಷ್ಟನ್ನು ಕಲಿಯುವದು ಅವಶ್ಯವಾಗಿದೆ.

ಮೊದಲನೆಯ ತಿಂಗಳಿನಿಂದಲೇ ಏಕೆ, ನಾಲ್ಕಾರು ವರ್ಷ ಕಳೆದ ಮೇಲೆ ಏಕಾಗಬಾರದು ಎಂದು ಕೇಳುವವರಿಗೆ ಅಂಕಗಣಿತವೇ ಉತ್ತರ ಹೇಳಲಿ. ಇಬ್ಬರು ಸಹಪಾಠಿಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವನು 23ನೆಯ ವಯಸ್ಸಿನಿಂದ ತಿಂಗಳಿಗೆ 3,000 ರೂಪಾಯಿಯಂತೆ, ಅಂದರೆ ವರ್ಷಕ್ಕೆ 36,000 ರೂಪಾಯಿಯಂತೆ, 10 ವರ್ಷ ಉಳಿಸಿ 33ನೆಯ ವಯಸ್ಸಿಗೆ ನಿಲ್ಲಿಸಿಬಿಡುವನು. ಮುಂದೆ 58ರ ವರೆಗೆ ಒಂದು ಕಾಸನ್ನೂ ಹಾಕುವದಿಲ್ಲ, ಒಂದು ಕಾಸನ್ನೂ ತೆಗೆಯುವದಿಲ್ಲ. ಎರಡನೆಯವನು 33ನೆಯ ವಯಸ್ಸಿಗೆ ಎಚ್ಚತ್ತು, 58ರ ವರೆಗೆ 25 ವರ್ಷ ಬಿಡದೆ ಅಷ್ಟೇ ಹಣವನ್ನು ಹಾಕುತ್ತ ಹೋಗುವನು. ಇಬ್ಬರಿಗೂ ಶೇಕಡಾ 8ರಂತೆ ಚಕ್ರಬಡ್ಡಿಯೆಂದೂ, ಆಯಾ ವರ್ಷದ ಹಣವು ವರ್ಷದ ಕೊನೆಗೆ ಜಮೆಯಾಗುವದೆಂದೂ ಹಿಡಿಯೋಣ. ಮೊದಲನೆಯವನು ಕೈಯಿಂದ ಹಾಕಿದ್ದು 3 ಲಕ್ಷ 60 ಸಾವಿರ. ಎರಡನೆಯವನು ಹಾಕಿದ್ದು 9 ಲಕ್ಷ. ನಿವೃತ್ತಿಯ ದಿನ ಮೊದಲನೆಯವನಿಗೆ ದೊರೆಯುವದು ಸುಮಾರು 35 ಲಕ್ಷ 70 ಸಾವಿರ. ಎರಡನೆಯವನಿಗೆ ಸುಮಾರು 26 ಲಕ್ಷ 30 ಸಾವಿರ. ಕಡಿಮೆ ಕೊಟ್ಟವನಿಗೆ ಹೆಚ್ಚು ಸಿಕ್ಕಿದ್ದು ಅದೃಷ್ಟದಿಂದಲ್ಲ. ಹತ್ತು ವರ್ಷ ಮುಂಚೆ ಬಿತ್ತಿದ್ದರಿಂದ. ಬಡವನ ಮಗನಿಗೆ ತಂದೆಯ ಹೊಲವಿಲ್ಲದಿರಬಹುದು, ಅಂಗಡಿಯಿಲ್ಲದಿರಬಹುದು. ಆದರೆ ಕಾಲವೆಂಬ ಬಂಡವಾಳವು ಸಾಹುಕಾರನ ಮಗನಿಗೆ ಎಷ್ಟೋ ಅವನಿಗೂ ಅಷ್ಟೇ ಇರುವದು. ಅದನ್ನು ಕಳೆದುಕೊಂಡ ಮೇಲೆ ಯಾವ ಬ್ಯಾಂಕೂ ಅದನ್ನು ಸಾಲವಾಗಿ ಕೊಡಲಾರದು.

ಈ ಲೆಕ್ಕವನ್ನು ನಮ್ಮ ಶಿಕ್ಷಕರು ಹತ್ತನೆಯ ಇಯತ್ತೆಯ ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸಲೆಂದು ನಾವು ಬಿನ್ನವಿಸುವೆವು. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣವು ಇಮ್ಮಡಿಯಾಗುವ ವರ್ಷಗಳು ಹೆಚ್ಚುಕಡಿಮೆ ಸಿಕ್ಕುವವು: ಶೇಕಡಾ 8ಕ್ಕೆ 9 ವರ್ಷ, ಶೇಕಡಾ 6ಕ್ಕೆ 12 ವರ್ಷ. ಇದೇ ಸೂತ್ರವು ಬೆಲೆಯೇರಿಕೆಗೂ ಅನ್ವಯಿಸುವದು. ವರ್ಷಕ್ಕೆ ಶೇಕಡಾ 6ರಂತೆ ಬೆಲೆಗಳು ಏರಿದರೆ 12 ವರ್ಷಗಳಲ್ಲಿ ಗಡಿಗೆಯಲ್ಲಿ ಹೂತಿಟ್ಟ ನೂರು ರೂಪಾಯಿಯ ಕೊಳ್ಳುವ ಶಕ್ತಿಯು ಅರ್ಧಕ್ಕೆ ಇಳಿಯುವದು. ಆದಕಾರಣ ಬರೇ ಉಳಿಸಿದರೆ ಸಾಲದು, ಹೂಡಲೂ ಬೇಕು. ಇನ್ನು ಸಾಲದ ಕಡೆಗೆ ನೋಡಿದರೆ ಇದೇ ಚಕ್ರವು ನಮ್ಮ ಮೇಲೆಯೇ ಉರುಳುವದು. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3ರಂತೆ ಬಡ್ಡಿ ಬಿದ್ದರೆ 24 ತಿಂಗಳುಗಳಲ್ಲಿ ಸಾಲವು ಇಮ್ಮಡಿಯಾಗುವದು. ಒಂದು ಕೈಯಿಂದ ಶೇಕಡಾ 8 ಗಳಿಸುತ್ತ ಇನ್ನೊಂದು ಕೈಯಿಂದ ಶೇಕಡಾ 36ಕ್ಕೂ ಮಿಗಿಲಾದ ಬಡ್ಡಿಯನ್ನು ತೆರುವವನು ತೂತಿನ ಕೊಡದಿಂದ ನೀರು ಹೊರುವವನೇ ಸರಿ.

"ನಮ್ಮ ಸಂಬಳವೇ ಅಲ್ಪ, ಅದರಲ್ಲಿ ಉಳಿಸುವದೇನು?" ಎಂಬ ಆಕ್ಷೇಪವು ಎಲ್ಲಕ್ಕೂ ಮೊದಲು ಬರುವದು. ಇದಕ್ಕೆ ನಮ್ಮ ನಾಡಿನ ಇತಿಹಾಸವೇ ಉತ್ತರ ಕೊಟ್ಟಿದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಹಾಗೂ ಡಾ. ಟಿ. ಎಂ. ಎ. ಪೈ ಈ ಮೂವರು ಕೂಡಿ, ಸಂಕಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು ಒಂದು ಬ್ಯಾಂಕನ್ನು ಕಟ್ಟಿದರು. ಅದು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯೆಂಬ ಪದ್ಧತಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನಂಪ್ರತಿ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಎಣಿಸಿಕೊಂಡು ಹೋಗುತ್ತಿದ್ದನು. ದಿನದ ಗಳಿಕೆಯನ್ನು ದಿನವೇ ಉಣ್ಣುವ ಜನರಿಂದ ಎರಡೆರಡಾಣೆಯಂತೆ ಕೂಡಿದ ಹಣವು ಊರಿನ ಉದ್ಯಮಗಳಿಗೆ ಬಂಡವಾಳವಾಯಿತು. ಹನಿಹನಿ ಕೂಡಿದರೆ ಹಳ್ಳ, ತೆನೆತೆನೆ ಕೂಡಿದರೆ ಬಳ್ಳ ಎಂಬ ಗಾದೆಯನ್ನು ನಾವು ಬಾಯಿಂದ ಆಡುತ್ತೇವೆ. ಆ ಜನರು ಕೈಯಿಂದ ಆಡಿ ತೋರಿಸಿದರು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಒಕ್ಕಲಿಗರ ಸಹಕಾರಿ ಪತ್ತಿನ ಸಂಘವು ಹುಟ್ಟಿದ್ದೂ, 1906ರಲ್ಲಿ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕಿನ ಮೂಲನಿಧಿಯು ಸ್ಥಾಪನೆಯಾದದ್ದೂ ಇದೇ ಮನೋಧರ್ಮದ ಫಲಗಳು. ಎರಡಾಣೆಗೆ ಅಂದು ನಾಚದವರ ಮೊಮ್ಮಕ್ಕಳು ಐದುನೂರು ರೂಪಾಯಿಗೆ ಇಂದು ನಾಚಬೇಕಾಗಿಲ್ಲ. ಹತ್ತರಲ್ಲಿ ಒಂದು ಪಾಲಿನಿಂದ ಆರಂಭವಾಗಲಿ. ಪ್ರತಿ ಬಡ್ತಿಯ ಅರ್ಧವು ಉಳಿತಾಯಕ್ಕೆ ಸೇರಲಿ. ಪಾಲು ತಾನೇ ಬೆಳೆಯುವದು.

"ಮುಪ್ಪಿನ ಕಾಲಕ್ಕೆ ಪಿಂಚಣಿ ಇರುವದಲ್ಲ!" ಎಂಬದು ಎರಡನೆಯ ಆಕ್ಷೇಪ. ನಮ್ಮ ಹಿರಿಯ ಶಿಕ್ಷಕರಿಗೆ ಕೊನೆಯ ಸಂಬಳವನ್ನು ಆಧರಿಸಿದ ನಿಶ್ಚಿತ ಪಿಂಚಣಿಯಿತ್ತು. ಕೇಂದ್ರ ಸರಕಾರದ ಸೇವೆಗೆ 2004ರ ಜನವರಿ 1ರಿಂದ ಸೇರಿದವರಿಗೂ, ಕರ್ನಾಟಕ ಸರಕಾರದ ಸೇವೆಗೆ 2006ರ ಏಪ್ರಿಲ್ 1ರಿಂದ ಸೇರಿದವರಿಗೂ ವಂತಿಗೆಯನ್ನು ಆಧರಿಸಿದ ಹೊಸ ಪದ್ಧತಿಯು ಬಂದಿತು. ಇದರ ನ್ಯಾಯಾನ್ಯಾಯಗಳ ಚರ್ಚೆಯು ಬೇರೆ. ನೌಕರರು ಅದಕ್ಕಾಗಿ ಹೋರಾಡಲು ಹಕ್ಕುಳ್ಳವರು. ಆದರೆ ಹೋರಾಟದ ಫಲವನ್ನು ಕಾಯುತ್ತ ಕೈಕಟ್ಟಿ ಕೂಡುವದು ಜಾಣತನವಲ್ಲ. ಖಾಸಗಿ ಶಾಲೆಗಳ ಶಿಕ್ಷಕರು, ಅಂಗಡಿಗಳ ಕಾರಕೂನರು, ನಮ್ಮಂತಹ ವಕೀಲರು ಇವರಿಗೆ ಸರಕಾರೀ ಪಿಂಚಣಿಯ ನೆರಳೇ ಇಲ್ಲ. ತಂದೆಯ ಕಾಲದ ಭರವಸೆಯನ್ನು ನಂಬಿ ಮಗನು ತನ್ನ ಕಾಲವನ್ನು ಕಳೆಯಕೂಡದು.

ಹಾಗಾದರೆ ಯಾವ ಕ್ರಮದಿಂದ ನಡೆಯಬೇಕು? ಮೊಟ್ಟಮೊದಲು ದುಬಾರಿ ಬಡ್ಡಿಯ ಸಾಲಗಳನ್ನು ತೀರಿಸಬೇಕು. ತರುವಾಯ ಆರು ತಿಂಗಳ ಸಂಸಾರವೆಚ್ಚಕ್ಕೆ ಸಾಕಾಗುವಷ್ಟು ಹಣವನ್ನು ಬೇಕೆಂದಾಗ ತೆಗೆಯಲು ಬರುವಂತೆ ಬ್ಯಾಂಕಿನಲ್ಲಾಗಲಿ ಅಂಚೆ ಕಚೇರಿಯಲ್ಲಾಗಲಿ ಇಡಬೇಕು. ಇದಕ್ಕೆ ಹೆಚ್ಚಿನ ಬಡ್ಡಿಯನ್ನು ಆಶಿಸಬಾರದು. ಇದು ಮನೆಯ ಹಗೇವಿನ ಕಾಳು, ಪೇಟೆಗೆ ಒಯ್ಯುವ ಕಾಳಲ್ಲ. ಮೂರನೆಯದಾಗಿ, ತನ್ನನ್ನು ನಂಬಿದ ತಂದೆತಾಯಿ, ಹೆಂಡಿರು ಮಕ್ಕಳು ಇದ್ದಲ್ಲಿ ಜೀವವಿಮೆಯೂ, ಎಲ್ಲರಿಗೂ ಆರೋಗ್ಯವಿಮೆಯೂ ಅವಶ್ಯ. ಮೈಸೂರು ಸಂಸ್ಥಾನವು 1891ರಷ್ಟು ಹಿಂದೆಯೇ ತನ್ನ ನೌಕರರಿಗಾಗಿ ವಿಮೆಯ ಇಲಾಖೆಯನ್ನು ತೆರೆದದ್ದನ್ನು ನೆನೆದರೆ ನಮ್ಮ ಹಿರಿಯರ ದೂರದೃಷ್ಟಿಗೆ ತಲೆಬಾಗಬೇಕಾಗುವದು. ಆದರೆ ವಿಮೆಯು ವಿಮೆಯಾಗಿರಲಿ, ಉಳಿತಾಯವು ಉಳಿತಾಯವಾಗಿರಲಿ. ಕಡಿಮೆ ಕಂತಿಗೆ ಹೆಚ್ಚು ರಕ್ಷಣೆ ಕೊಡುವ ಅವಧಿವಿಮೆಯನ್ನು ಬಿಟ್ಟು, ಎರಡನ್ನೂ ಕಲಸಿದ ಪಾಲಿಸಿಗಳನ್ನು ಏಜೆಂಟರ ದಾಕ್ಷಿಣ್ಯಕ್ಕಾಗಿ ಕೊಂಡವನಿಗೆ ರಕ್ಷಣೆಯೂ ಅರೆಯಾಗುವದು, ಬೆಳೆಯೂ ಅರೆಯಾಗುವದು.

ಇಷ್ಟಾದ ಮೇಲೆ ದೀರ್ಘಕಾಲದ ಹೂಡಿಕೆ. ಇದರಲ್ಲಿ ಭದ್ರವಾದ ಬುನಾದಿಯೆಂದರೆ ಭವಿಷ್ಯ ನಿಧಿ. 1952ರ ಕಾಯದೆಯಿಂದ ಆರಂಭವಾದ ನೌಕರರ ಭವಿಷ್ಯ ನಿಧಿಗೆ ನೌಕರನು ಮೂಲವೇತನ ಹಾಗೂ ತುಟ್ಟಿಭತ್ಯದ ಶೇಕಡಾ 12ನ್ನು ಕೊಟ್ಟರೆ ಮಾಲಕನೂ ಅಷ್ಟನ್ನೇ ಕೊಡುವನು. ಮಾಲಕನ ಪಾಲಿನಲ್ಲಿ ಒಂದಂಶವು ಪಿಂಚಣಿಗೆ ಹೋಗುವದು. 2024-25ನೆಯ ಸಾಲಿಗೆ ಇದರ ಬಡ್ಡಿ ಶೇಕಡಾ 8.25 ಇತ್ತು. ನಮ್ಮ ತರುಣರು ನೌಕರಿಯನ್ನು ಬದಲಿಸಿದಾಗಲೆಲ್ಲ ಈ ಹಣವನ್ನು ಹಿಂತೆಗೆದು ಹೊಸ ಮೊಬೈಲಿಗೋ ಮೋಟಾರು ಸೈಕಲ್ಲಿಗೋ ಸುರಿಯುವದನ್ನು ಕಂಡು ನಮಗೆ ವ್ಯಸನವಾಗುತ್ತದೆ. ಎಂಟು ವರ್ಷದ ಗಿಡವನ್ನು ಸೌದೆಗಾಗಿ ಕಡಿದಂತೆ ಇದು. 2014ರಿಂದ ಒಬ್ಬ ನೌಕರನಿಗೆ ಒಂದೇ ಸಂಖ್ಯೆಯು ದೊರೆಯುವಂತಾಗಿರುವದರಿಂದ ಹಳೆಯ ಖಾತೆಯನ್ನು ಹೊಸದಕ್ಕೆ ಸೇರಿಸುವದು ಈಗ ಕಷ್ಟವಲ್ಲ. ಇಂತಹ ನಿಧಿಯಿಲ್ಲದವರಿಗೆ 1968ರಲ್ಲಿ ಆರಂಭವಾದ ಸಾರ್ವಜನಿಕ ಭವಿಷ್ಯ ನಿಧಿಯಿದೆ. ಅದು 15 ವರ್ಷಗಳ ಮುದ್ದತಿನದು. ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದ ವರೆಗೆ ಕಟ್ಟಬಹುದು. 2020ರ ಏಪ್ರಿಲ್ ತಿಂಗಳಿನಿಂದ 2025ರ ಕೊನೆಯ ವರೆಗೂ ಅದರ ಬಡ್ಡಿ ಶೇಕಡಾ 7.1ರಲ್ಲಿಯೇ ನಿಂತಿತ್ತು. ಸಾಲಗಾರರ ದಾವೆಯಲ್ಲಿ ಕೋರ್ಟು ಕೂಡ ಈ ನಿಧಿಯನ್ನು ಜಪ್ತಿ ಮಾಡಲು ದಿವಾಣಿ ಕಾಯದೆಯ 60ನೆಯ ಕಲಮು ಎಡೆಗೊಡುವದಿಲ್ಲವೆಂಬದನ್ನು ವ್ಯಾಪಾರಸ್ಥರು ವಿಶೇಷವಾಗಿ ಗಮನಿಸಬೇಕು.

ಇನ್ನು ಷೇರುಗಳ ಮಾತು. ನಮ್ಮ ಮನೆಗಳಲ್ಲಿ ಷೇರೆಂದರೆ ಜೂಜೆಂಬ ಭಾವನೆ ಬೇರೂರಿದೆ. ಅದು ಪೂರ್ಣ ಸತ್ಯವೂ ಅಲ್ಲ, ಪೂರ್ಣ ಸುಳ್ಳೂ ಅಲ್ಲ. ಮುಂಬಯಿಯ ಸೂಚ್ಯಂಕವನ್ನು 1978-79ರಲ್ಲಿ 100 ಎಂದು ಹಿಡಿದರೆ ಅದು 1990ರಲ್ಲಿ 1,000ವನ್ನೂ 2021ರ ಜನವರಿಯಲ್ಲಿ 50,000ವನ್ನೂ ಮುಟ್ಟಿತು. ಇದು ಬೆಳವಣಿಗೆಯ ಮುಖ. ಅದೇ ಸೂಚ್ಯಂಕವು 2008ರ ಜನವರಿಯಲ್ಲಿ 20,000ದ ಮೇಲಿದ್ದು ಅಕ್ಟೋಬರಿನಲ್ಲಿ 9,000ದ ಕೆಳಗೆ ಬಿದ್ದಿತು. 2020ರ ಮಾರ್ಚ್ 23ರಂದು 26,000ದ ಕೆಳಗೆ ಇಳಿದಿತ್ತು. ಇದು ಅಪಾಯದ ಮುಖ. ಐದಾರು ವರ್ಷಗಳ ಒಳಗೆ ಬೇಕಾಗುವ ಹಣವನ್ನು ಅಲ್ಲಿ ಇಡಲೇಕೂಡದು. ಇಪ್ಪತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣದ ಒಂದಂಶವನ್ನು ತಿಂಗಳು ತಿಂಗಳು ಇಡುವವನು ಬೀಳುವ ವರ್ಷಕ್ಕೂ ಅಂಜಬೇಕಾಗಿಲ್ಲ. ಒಂದೊಂದು ಕಂಪನಿಯನ್ನು ಆರಿಸುವ ಬದಲು ಸೂಚ್ಯಂಕದ ಎಲ್ಲ ಕಂಪನಿಗಳನ್ನೂ ಒಟ್ಟಿಗೆ ಕೊಳ್ಳುವ ಇಂಡೆಕ್ಸ್ ಫಂಡುಗಳು ಸಾಮಾನ್ಯರಿಗೆ ಯೋಗ್ಯವಾದವು. ನಿರ್ವಹಣೆಯ ವೆಚ್ಚವನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಒಂದು ಲಕ್ಷ ರೂಪಾಯಿಯು 30 ವರ್ಷಗಳಲ್ಲಿ ಶೇಕಡಾ 10ರಂತೆ ಸುಮಾರು 17 ಲಕ್ಷ 45 ಸಾವಿರವಾದರೆ, ಶೇಕಡಾ 9ರಂತೆ 13 ಲಕ್ಷ 27 ಸಾವಿರವೇ ಆಗುವದು. ಒಂದೇ ಒಂದು ಅಂಶದ ವೆಚ್ಚವು ನಾಲ್ಕು ಲಕ್ಷಕ್ಕೂ ಮೀರಿ ನುಂಗಿತು. ದಲಾಲಿಯಿಲ್ಲದ ನೇರ ಯೋಜನೆಗಳು 2013ರಿಂದ ಎಲ್ಲರಿಗೂ ತೆರೆದಿವೆ.

ಆದರೆ ಬೆಳಿಗ್ಗೆ ಕೊಂಡು ಸಂಜೆಗೆ ಮಾರುವದು, ಫ್ಯೂಚರ್ಸ್ ಆಪ್ಶನ್ಸ್ ಎಂಬ ಹೆಸರಿನ ವಾಯಿದೆಯ ಆಟವಾಡುವದು ಹೂಡಿಕೆಯಲ್ಲ. ಷೇರುಪೇಟೆಯ ನಿಯಂತ್ರಕರಾದ ಸೆಬಿಯವರೇ 2024ರ ಸಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ವಾಯಿದೆ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚಿನ ವ್ಯಕ್ತಿಗಳಲ್ಲಿ ಶೇಕಡಾ 93 ಜನರು ಕಳೆದುಕೊಂಡರು. ಒಟ್ಟು ಹಾನಿಯು 1 ಲಕ್ಷ 80 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತು. ನೂರರಲ್ಲಿ ತೊಂಬತ್ತಮೂರು ಜನ ಸೋಲುವ ಆಟವನ್ನು ಯಾವ ಹೆಸರಿನಿಂದ ಕರೆಯಬೇಕೆಂಬದನ್ನು ವಾಚಕರೇ ನಿರ್ಣಯಿಸಲಿ.

ಭದ್ರತೆಯ ವಿಷಯದಲ್ಲಿಯೂ ಎರಡು ಮಾತು. 1938ರಲ್ಲಿ ಟ್ರಾವಂಕೂರ್ ನ್ಯಾಶನಲ್ ಅಂಡ್ ಕ್ವಿಲಾನ್ ಬ್ಯಾಂಕೂ, 1960ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕೂ ಮುಳುಗಿ ಸಾವಿರಾರು ಸಂಸಾರಗಳು ಕಣ್ಣೀರಿಟ್ಟವು. ಆ ಪಾಠದಿಂದ 1962ರಲ್ಲಿ ಠೇವಣಿ ವಿಮೆಯು ಜಾರಿಗೆ ಬಂದಿತು. 2020ರ ಫೆಬ್ರುವರಿ 4ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಬಡ್ಡಿಸಹಿತ 5 ಲಕ್ಷ ರೂಪಾಯಿಗಳ ವರೆಗೆ ಈ ರಕ್ಷಣೆಯು ಏರಿತು. ಆದಕಾರಣ ಎಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ ಇಡಬಾರದು. ಇನ್ನೂ ಮುಖ್ಯವಾದದ್ದೇನೆಂದರೆ, ಬ್ಯಾಂಕಿನ ಪರವಾನಿಗೆಯಿಲ್ಲದ ಪತ್ತಿನ ಸಂಘಗಳ ಠೇವಣಿಗಳಿಗೆ ಈ ವಿಮೆಯು ಇಲ್ಲವೇ ಇಲ್ಲ. ಸಹಕಾರದ ತತ್ತ್ವವನ್ನು ನಾವು ಮೇಲೆ ಕೊಂಡಾಡಿರುವೆವು. ಆ ಗೌರವದಿಂದಲೇ ಹೇಳುವೆವು: ಸಂಘದ ಸದಸ್ಯನಾದವನು ವಾರ್ಷಿಕ ಸಭೆಗೆ ಹೋಗಿ ಅಡಾವೆ ಪತ್ರಿಕೆಯನ್ನು ಓದಿ ಪ್ರಶ್ನೆ ಕೇಳಬೇಕು. ಅಧ್ಯಕ್ಷರು ನಮ್ಮ ಪೈಕಿಯವರೆಂಬ ಒಂದೇ ಕಾರಣಕ್ಕೆ ಜೀವಮಾನದ ಗಳಿಕೆಯನ್ನು ಒಪ್ಪಿಸಬಾರದು. ಪೇಟೆಯ ದರಕ್ಕಿಂತ ಇಮ್ಮಡಿ ಬಡ್ಡಿಯನ್ನು ಕೊಡುವೆವೆನ್ನುವವರು ಬಡ್ಡಿಯ ಆಸೆ ತೋರಿಸಿ ಅಸಲನ್ನು ಕೇಳುತ್ತಿರುವರೆಂದೇ ತಿಳಿಯಬೇಕು.

ವಕೀಲಿಯ ಅನುಭವದಿಂದ ಇನ್ನೆರಡು ಎಚ್ಚರಿಕೆಗಳನ್ನು ಕೊಡಬಯಸುವೆವು. ಗೆಳೆಯನ ಸಾಲಕ್ಕೆ ಜಾಮೀನಾಗುವದನ್ನು ನಮ್ಮ ತರುಣರು ಬರೇ ಸಹಿಯ ಉಪಕಾರವೆಂದು ತಿಳಿದಿರುವರು. 1872ರ ಕರಾರು ಕಾಯದೆಯ 128ನೆಯ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದಲ್ಲಿ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಪೂರ್ಣವಾದದ್ದು. ಕೊಡಲು ಶಕ್ತಿಯೂ ಮನಸ್ಸೂ ಇಲ್ಲದ ಮೊತ್ತಕ್ಕೆ ಸಹಿ ಹಾಕಬಾರದು. ಎರಡನೆಯದು, ಖಾತೆಗೆ ನಾಮನಿರ್ದೇಶನ ಮಾಡಿದ ಮಾತ್ರಕ್ಕೆ ಆ ವ್ಯಕ್ತಿಯು ಹಣದ ಒಡೆಯನಾಗುವದಿಲ್ಲ. ಜೀವವಿಮೆಯ ಹಣವನ್ನು ನಾಮನಿರ್ದೇಶಿತನು ವಾರಸುದಾರರ ಪರವಾಗಿ ಸ್ವೀಕರಿಸುವವನು ಮಾತ್ರವೆಂದು ಸುಪ್ರೀಮ್ ಕೋರ್ಟು 1983ರಲ್ಲಿ ಹೇಳಿತು; ಷೇರುಗಳ ವಿಷಯದಲ್ಲಿಯೂ ಅದೇ ತತ್ತ್ವವನ್ನು 2023ರಲ್ಲಿ ಎತ್ತಿಹಿಡಿಯಿತು. ಆದಕಾರಣ ನಾಮನಿರ್ದೇಶನವನ್ನೂ ಮಾಡಬೇಕು, ಮೃತ್ಯುಪತ್ರವನ್ನೂ ಬರೆಯಬೇಕು. ಮೂವತ್ತರ ವಯಸ್ಸಿಗೆ ಮೃತ್ಯುಪತ್ರವು ಅಪಶಕುನವೆನ್ನುವವರು, ಅದಿಲ್ಲದೆ ನ್ಯಾಯಾಲಯದ ಮೆಟ್ಟಿಲು ಸವೆಸುತ್ತಿರುವ ವಿಧವೆಯರನ್ನು ಒಮ್ಮೆ ಕಾಣಬೇಕು.

ಕೊನೆಯ ಆಕ್ಷೇಪವು ಎಲ್ಲಕ್ಕಿಂತ ಗೌರವಾರ್ಹವಾದದ್ದು. "ತಂದೆಯ ಸಾಲ ತೀರಬೇಕು, ತಮ್ಮನ ಫೀಸು ಕಟ್ಟಬೇಕು, ತಂಗಿಯ ಲಗ್ನವಾಗಬೇಕು, ಇಷ್ಟರಲ್ಲಿ ನನಗಾಗಿ ಉಳಿಸುವದು ಸ್ವಾರ್ಥವಲ್ಲವೇ?" ಎಂದು ಸುಪುತ್ರನು ಕೇಳುವನು. ಕುಟುಂಬದ ಋಣವನ್ನು ತೀರಿಸುವವನಿಗೆ ನಮ್ಮ ನಮಸ್ಕಾರ. ಆದರೆ ತಮ್ಮನ ಫೀಸು ಬೇರೆ, ತಂಗಿಯ ಲಗ್ನದಲ್ಲಿ ಊರಿಗೆಲ್ಲ ಮೂರು ದಿನ ಊಟವಿಕ್ಕುವ ಡೌಲು ಬೇರೆ. ಮೊದಲನೆಯದು ಧರ್ಮ, ಎರಡನೆಯದು ಮುಂದಿನ ಹತ್ತು ವರ್ಷಗಳ ಗುಲಾಮಗಿರಿ. ತನ್ನ ಮುಪ್ಪಿಗೆ ಏನನ್ನೂ ಇಟ್ಟುಕೊಳ್ಳದವನು ನಾಳೆ ತನ್ನ ಮಕ್ಕಳ ಮೊದಲ ಸಂಬಳಕ್ಕೆ ಕೈಯೊಡ್ಡುವನು. ಹೀಗೆ ಒಂದು ತಲೆಮಾರಿನ ಹೊರೆಯು ಇನ್ನೊಂದರ ಹೆಗಲಿಗೆ ಬೀಳುವದು. ಯಾರಾದರೊಬ್ಬನು ಈ ಸರಪಳಿಯನ್ನು ಕಡಿಯಲೇಬೇಕು. ದುಡಿಯುವ ನಮ್ಮ ಹೆಣ್ಣುಮಕ್ಕಳಿಗೂ ಇಲ್ಲಿಯೇ ಹೇಳುವೆವು: ನಿಮ್ಮ ಗಳಿಕೆಯ ಒಂದು ಪಾಲು ನಿಮ್ಮ ಹೆಸರಿನಲ್ಲಿ, ನಿಮ್ಮ ಸಹಿಯಿಂದ ನಡೆಯುವ ಖಾತೆಯಲ್ಲಿ ಇರಲಿ, ಲಗ್ನಕ್ಕೆ ಮುಂಚೆಯೂ ಇರಲಿ, ಲಗ್ನದ ನಂತರವೂ ಇರಲಿ.

ಮಿತವ್ಯಯವು ಜಿಪುಣತನವಲ್ಲ. ಜಿಪುಣನು ಹಣವನ್ನು ಕಾಯುವನು. ಮಿತವ್ಯಯಿಯನ್ನು ಹಣವೇ ಕಾಯುವದು. ಆರು ತಿಂಗಳ ವೆಚ್ಚವನ್ನು ಕೈಯಲ್ಲಿಟ್ಟುಕೊಂಡ ಶಿಕ್ಷಕನು, ಅಂಕಪಟ್ಟಿಯನ್ನು ತಿದ್ದೆಂದು ಆಡಳಿತ ಮಂಡಳಿಯವರು ಒತ್ತಾಯಿಸಿದರೆ ಆಗದೆಂದು ಹೇಳಬಲ್ಲನು. ಸಾಲವಿಲ್ಲದ ಗುಮಾಸ್ತನು ಲಂಚದ ಲಕೋಟೆಯನ್ನು ಹಿಂದಿರುಗಿಸಬಲ್ಲನು. ತಿಂಗಳ ಕೊನೆಗೆ ಬರಿಗೈಯಾಗುವವನು ಎಷ್ಟೇ ಸತ್ಯವಂತನಾದರೂ, ಹೆಂಡಿರು ಮಕ್ಕಳ ಮುಖ ನೋಡಿ ಒಂದಲ್ಲ ಒಂದು ದಿನ ತಲೆ ತಗ್ಗಿಸಬೇಕಾಗುವದು. ಉಳಿತಾಯವೆಂದರೆ ಬರೇ ಮುಪ್ಪಿನ ಗಂಜಿಯಲ್ಲ. ಯೌವನದಲ್ಲಿ ಬೆನ್ನುಮೂಳೆಯನ್ನು ನೆಟ್ಟಗೆ ಇರಿಸುವ ಸಾಧನವೂ ಹೌದು. ಮನುಷ್ಯನ ಸ್ವಾತಂತ್ರ್ಯಕ್ಕೆ ಅವನ ಮನೆಯ ಜಮಾಖರ್ಚಿನಲ್ಲಿಯೇ ಅಡಿಗಲ್ಲು ಬೀಳಬೇಕು.

ಆದ್ದರಿಂದ ನಮ್ಮ ತರುಣ ವಾಚಕರಲ್ಲಿ ವಿನಂತಿಯೇನೆಂದರೆ, ಈ ಲೇಖನಕ್ಕೆ ತಲೆದೂಗಿ ಪತ್ರಿಕೆಯನ್ನು ಮಡಚಿಡಬೇಡಿರಿ. ಬರುವ ಸಂಬಳದ ದಿನವೇ ಬ್ಯಾಂಕಿಗಾಗಲಿ ಅಂಚೆ ಕಚೇರಿಗಾಗಲಿ ಹೋಗಿ, ತಿಂಗಳು ತಿಂಗಳು ತಾನಾಗಿಯೇ ಕಡಿತವಾಗುವ ಒಂದು ಖಾತೆಯನ್ನು ತೆರೆಯಿರಿ. ಮೊತ್ತವು ಐದುನೂರಿರಲಿ, ಐದು ಸಾವಿರವಿರಲಿ. ದಿನವನ್ನು ಮಾತ್ರ ಮುಂದೂಡಬೇಡಿರಿ. ಶಿಕ್ಷಕ ಬಂಧುಗಳು ತಮ್ಮ ಹಳೆಯ ವಿದ್ಯಾರ್ಥಿಯು ಪೇಢೆಯ ಪೊಟ್ಟಣ ಹಿಡಿದು ನೌಕರಿಯ ಸುದ್ದಿ ಹೇಳಲು ಬಂದಾಗ, ಆಶೀರ್ವಾದದ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಲಿ: "ಮೊದಲ ಪಾಲನ್ನು ಎಲ್ಲಿಟ್ಟೆಯಪ್ಪಾ?"